ಡ್ರೈವ್ ಮೋಟರ್ ಸೆನ್ಸರ್ ದೋಷ: ಮೋಟರ್ ಬಿಚ್ಚುವ ಮೊದಲು ಮಾಡಬೇಕಾದ ತಪಾಸಣೆ

ವಿದ್ಯುತ್ ಅಥವಾ ಹೈಬ್ರಿಡ್ ಕಾರಿನ ದೋಷದ ಕೋಡುಗಳನ್ನು ಓದುವ ಸ್ಕ್ಯಾನರಿನ ಪರದೆಯ ಮೇಲೆ ‘ಡ್ರೈವ್ ಮೋಟರ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್’ ಎಂಬ ಸಾಲು ಮೂಡಿದ ಕೂಡಲೇ ಹೊಸ ಮೋಟರಿನ ಬೆಲೆ ವಿಚಾರಿಸಲು ಹೊರಡುವವರು ಆ ಸಾಲಿನ ಕೊನೆಯ ಪದವನ್ನು ಓದಿರುವುದಿಲ್ಲ. ಸರ್ಕ್ಯೂಟ್ ಎಂದರೆ ಮೋಟರಿನೊಳಗಿರುವ ಸೆನ್ಸರ್, ಅದರ ಕನೆಕ್ಟರ್, ಅಲ್ಲಿಂದ ಇನ್ವರ್ಟರಿನವರೆಗೆ (ಬ್ಯಾಟರಿಯ ಡಿಸಿಯನ್ನು ಮೋಟರಿಗೆ ಬೇಕಾದ ಎಸಿಯಾಗಿಸುವ ಘಟಕ) ಹೋಗುವ ವೈರಿಂಗ್, ಇನ್ವರ್ಟರಿನ ಬದಿಯ ಕನೆಕ್ಟರ್ ಮತ್ತು ಸಂಕೇತವನ್ನು ಓದುವ ಬೋರ್ಡ್, ಈ ಐದೂ ಸೇರಿದ ದಾರಿ. ಈ ದಾರಿಯ ಎರಡು ತುದಿಗಳಲ್ಲಿರುವ ಮೋಟರ್ ಮತ್ತು ಇನ್ವರ್ಟರ್ ಅತಿ ದುಬಾರಿ; ನಡುವೆ ಇರುವ ವೈರು, ಪಿನ್ನು, ರಬ್ಬರ್ ಸೀಲುಗಳು ಅತಿ ಅಗ್ಗ. ಮಂಗಳೂರಿನ ಬೈಕಂಪಾಡಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವಾಹನಗಳ ವಿದ್ಯುತ್ ಕೆಲಸ ಮಾಡುತ್ತ ನಾನು ಕಂಡಂತೆ, ನಮ್ಮ ಕರಾವಳಿಯಲ್ಲಿ ಮೊದಲು ಸೋಲುವುದು ಈ ಅಗ್ಗದ ಭಾಗಗಳೇ.

ಅದಕ್ಕೆ ಕಾರಣಗಳೂ ಕಣ್ಣೆದುರೇ ಇವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಉಳಿದ ತಿಂಗಳುಗಳಲ್ಲಿ ಸಮುದ್ರದ ಉಪ್ಪುಗಾಳಿ ತಪ್ಪಿದ್ದಲ್ಲ. ಕೊಟ್ಟಾರ ಚೌಕಿಯಲ್ಲೋ ಪಡೀಲಿನ ರೈಲ್ವೆ ಸೇತುವೆಯ ಕೆಳಗೋ ನಿಂತ ನೀರನ್ನು ದಾಟುವ ಕಾರಿನ ತಳಭಾಗಕ್ಕೆ ಕೆಸರು ಮೆತ್ತಿಕೊಂಡರೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋಗುವ ಕಾರಿಗೆ ಮಂಜುಗಡ್ಡೆ ಕರಗಿದ ಉಪ್ಪುನೀರಿನ ಸಿಂಚನವಾಗುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇಲಿ ಹೆಗ್ಗಣಗಳು ಬಾನೆಟ್ಟಿನೊಳಗೆ ಸೇರಿ ವೈರು ಕಡಿಯುವುದಂತೂ ಇಲ್ಲಿ ಯಾವ ಕಾರಿನ ಮಾಲಕರಿಗೂ ಹೊಸ ಸುದ್ದಿಯಲ್ಲ.

ಒಂದು ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದ ವಿದ್ಯುತ್ ಕಾರಿಗೆ ಬೇರೊಂದು ಕಡೆ ಇಡೀ ಮೋಟರ್ ಬದಲಿಸಬೇಕೆಂದು ಅಂದಾಜುಪಟ್ಟಿ ಬರೆದುಕೊಟ್ಟಿದ್ದರು. ಮಾಲಕರು ಹೇಳಿದ ಒಂದು ಮಾತು ಮಾತ್ರ ಆ ಪಟ್ಟಿಯಲ್ಲಿ ದಾಖಲಾಗಿರಲಿಲ್ಲ: “ಬಿಸಿಲು ಬಂದರೆ ಸರಿ ಇರ್ತದೆ ಮಾರಾಯ್ರೆ, ಮಳೆಗೆ ಮಾತ್ರ ಹೀಗೆ ಆಗುವುದು.” ಸುತ್ತಿದ ತಂತಿ ಒಳಗೆ ತುಂಡಾಗಿದ್ದರೆ ಅದು ಬಿಸಿಲು ನೋಡಿ ಮತ್ತೆ ಕೂಡಿಕೊಳ್ಳುವುದಿಲ್ಲ. ಕೊನೆಗೆ ಸಿಕ್ಕಿದ್ದು ಕನೆಕ್ಟರಿನ ಒಂದು ಪಿನ್ನಿಗೆ ಹಿಡಿದಿದ್ದ ಹಸಿರು ಕಿಲುಬು. ಈ ಲೇಖನದ ಕ್ರಮವನ್ನು ಬಹುಮಟ್ಟಿಗೆ ಆ ಕಾರಿನ ಅನುಭವದಿಂದಲೇ ಕಟ್ಟಿದ್ದೇನೆ. ಕೋಡ್ ಓದುವುದು ಮತ್ತು ಲೈವ್ ಡೇಟಾ (ಸೆನ್ಸರುಗಳ ಆ ಕ್ಷಣದ ಓದು) ನೋಡುವುದು, ಇಷ್ಟನ್ನು ಆಸಕ್ತಿಯಿರುವ ಮಾಲಕರು ಸ್ವತಃ ಮಾಡಬಹುದು. ಅದರ ಮುಂದಿನದು ಹೈ ವೋಲ್ಟೇಜ್ ಕೆಲಸದ ತರಬೇತಿ ಪಡೆದವರಿಗೆ ಮೀಸಲು.

ಸೆನ್ಸರ್ ಏನು ಮಾಡುತ್ತದೆ

ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಶಾಶ್ವತ ಅಯಸ್ಕಾಂತದ ಮೋಟರಿನಲ್ಲಿ, ತಿರುಗುವ ರೋಟರಿನ ಅಯಸ್ಕಾಂತಗಳು ಆ ಕ್ಷಣಕ್ಕೆ ಯಾವ ಕೋನದಲ್ಲಿವೆ ಎಂಬುದು ಇನ್ವರ್ಟರಿಗೆ ಗೊತ್ತಿದ್ದರೆ ಮಾತ್ರ ಮೂರು ಫೇಸ್‌ಗಳಿಗೆ ಸರಿಯಾದ ಹೊತ್ತಿನಲ್ಲಿ ಕರೆಂಟು ಹರಿಸಲು ಸಾಧ್ಯ. ಆ ಕೋನವನ್ನು ತಿಳಿಸುವುದು ರಿಸಾಲ್ವರ್. ಅದರ ಸ್ಥಿರ ಭಾಗದಲ್ಲಿ ಮೂರು ಸುರುಳಿಗಳಿರುತ್ತವೆ. ಒಂದಕ್ಕೆ ಇನ್ವರ್ಟರ್ ಸುಮಾರು 10 ಕಿಲೋಹರ್ಟ್ಸ್ ಆವರ್ತನದ ಸಣ್ಣ ಎಸಿ ಸಂಕೇತವನ್ನು ಕಳುಹಿಸುತ್ತದೆ. ಇದು ಪ್ರಚೋದಕ ಸುರುಳಿ. ಉಳಿದೆರಡು ಸೈನ್ ಮತ್ತು ಕೊಸೈನ್ ಸುರುಳಿಗಳು. ಮೋಟರಿನ ದಂಡಕ್ಕೆ ಕೂರಿಸಿದ, ಸಂಪೂರ್ಣ ದುಂಡಗಿರದ ಉಕ್ಕಿನ ಬಿಲ್ಲೆ ತಿರುಗಿದಂತೆ ಈ ಎರಡರಲ್ಲಿ ಹುಟ್ಟುವ ವೋಲ್ಟೇಜು ಏರಿಳಿಯುತ್ತದೆ, ಮತ್ತು ಇನ್ವರ್ಟರ್ ಎರಡರ ಅನುಪಾತದಿಂದ ಕೋನವನ್ನು ಲೆಕ್ಕ ಹಾಕುತ್ತದೆ. ಒಳಗೆ ಎಲೆಕ್ಟ್ರಾನಿಕ್ ಭಾಗವೇ ಇಲ್ಲದಿರುವುದರಿಂದ ರಿಸಾಲ್ವರ್ ತಾನಾಗಿ ಕೆಡುವುದು ಅಪರೂಪ.

ಕೋನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಬಹುದು. ನಾಲ್ಕು ಜೋಡಿ ಧ್ರುವಗಳಿರುವ ಮೋಟರಿನಲ್ಲಿ ದಂಡದ 1 ಡಿಗ್ರಿ ವಿದ್ಯುತ್ ಲೆಕ್ಕದ 4 ಡಿಗ್ರಿಗೆ ಸಮ. ಸೆನ್ಸರಿನ ಓದು 5 ಡಿಗ್ರಿ ತಪ್ಪಿದರೆ ವಿದ್ಯುತ್ ಕೋನ 20 ಡಿಗ್ರಿ ತಪ್ಪುತ್ತದೆ, ಅಯಸ್ಕಾಂತದಿಂದ ಬರುವ ಎಳೆತ ಸುಮಾರು ಶೇ. 6ರಷ್ಟು ಕುಗ್ಗುತ್ತದೆ. ಅದೇ 22.5 ಡಿಗ್ರಿ ತಪ್ಪಿದರೆ ಆ ಎಳೆತ ಶೂನ್ಯ. ಅದಕ್ಕೂ ಮೀರಿದರೆ ಮೋಟರ್ ಉಲ್ಟಾ ದಿಕ್ಕಿಗೆ ತಳ್ಳತೊಡಗುತ್ತದೆ. ಆದ್ದರಿಂದಲೇ ಸಂಕೇತದಲ್ಲಿ ಅನುಮಾನ ಹುಟ್ಟಿದ ಕ್ಷಣದಲ್ಲಿ ಕಾರು ಶಕ್ತಿಯನ್ನು ಕಡಿತಗೊಳಿಸುತ್ತದೆ ಅಥವಾ ಓಡಲು ಸಿದ್ಧವಾದ ರೆಡಿ ಸ್ಥಿತಿಗೆ ಬರಲು ಒಪ್ಪುವುದಿಲ್ಲ. ಎರಡು ಮೋಟರುಗಳಿರುವ ಹೈಬ್ರಿಡ್ ಕಾರುಗಳಲ್ಲಿ ಎಂಜಿನ್ನನ್ನು ಎಬ್ಬಿಸುವ ಕೆಲಸವೂ ಜನರೇಟರ್ ಮೋಟರಿನದ್ದೇ ಆಗಿರುವುದರಿಂದ, ಅದರ ರಿಸಾಲ್ವರ್ ಕೈಕೊಟ್ಟರೆ ಟ್ಯಾಂಕಿನ ತುಂಬ ಪೆಟ್ರೋಲಿದ್ದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಕೋಡ್ ಮತ್ತು ಲೈವ್ ಡೇಟಾ

ಸ್ಕ್ಯಾನರ್ ಜೋಡಿಸುವ ಮೊದಲು 12 ವೋಲ್ಟ್ ಬ್ಯಾಟರಿಯನ್ನು ಅಳೆಯಿರಿ. ವಿಶ್ರಾಂತ ಸ್ಥಿತಿಯಲ್ಲಿ 12.6ರ ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಅದನ್ನು ಚಾರ್ಜ್ ಮಾಡಿದ ಬಳಿಕವೇ ಮುಂದಿನ ಮಾತು, ಏಕೆಂದರೆ ಬಲಗುಂದಿದ ಚಿಕ್ಕ ಬ್ಯಾಟರಿಯು ಸಂಬಂಧವಿಲ್ಲದ ಹತ್ತು ಕೋಡುಗಳನ್ನು ಒಮ್ಮೆಲೇ ಹುಟ್ಟಿಸಬಲ್ಲದು.

ಅನಂತರ ಎಲ್ಲ ಮಾಡ್ಯೂಲುಗಳ (ಕಾರಿನ ನಿಯಂತ್ರಕ ಘಟಕಗಳ) ಕೋಡುಗಳನ್ನು ಓದಿ, ಪ್ರತಿಯೊಂದರ ಫ್ರೀಜ್ ಫ್ರೇಮ್ (ದೋಷ ದಾಖಲಾದ ಕ್ಷಣದ ಓದುಗಳು) ಸಹಿತ ಬರೆದಿಟ್ಟುಕೊಳ್ಳಿ. ಅಳಿಸುವ ಆತುರ ಬೇಡ. ಪಿ0ಎ3ಎಫ್ ಎಂದರೆ ಪೊಸಿಷನ್ ಸೆನ್ಸರಿನ ಸರ್ಕ್ಯೂಟ್ ದೋಷ. ಪಿ0ಎ40 ಎಂದರೆ ಸಂಕೇತ ಬರುತ್ತಿದೆ, ಆದರೆ ಅದು ನಂಬುವಂತಿಲ್ಲ. ಪಿ0ಎ41 ಮತ್ತು ಪಿ0ಎ42 ಕ್ರಮವಾಗಿ ಸಂಕೇತ ತೀರ ಕೆಳಗೆ ಮತ್ತು ತೀರ ಮೇಲೆ ಇರುವುದನ್ನು ಹೇಳುತ್ತವೆ. ಪಿ0ಎ43 ಎಂದರೆ ಸಂಕೇತ ಬಿಟ್ಟು ಬಿಟ್ಟು ಬರುತ್ತಿದೆ. ಈ ಕೊನೆಯದನ್ನು ಕಂಡರೆ ನನ್ನ ಕೈ ಮೊದಲು ಕನೆಕ್ಟರಿನ ಕಡೆಗೇ ಹೋಗುತ್ತದೆ. ಜೊತೆಗೆ ಯು0110 ಇದ್ದರೆ ಮೋಟರ್ ನಿಯಂತ್ರಕದೊಂದಿಗೆ ಸಂಪರ್ಕವೇ ಕಡಿದಿದೆ ಎಂದರ್ಥ. ಆಗ ಮೊದಲು ಹುಡುಕಬೇಕಾದದ್ದು ನಿಯಂತ್ರಕದ ವಿದ್ಯುತ್ ಪೂರೈಕೆ, ಅರ್ಥಿಂಗ್ ಮತ್ತು ಸಂಪರ್ಕದ ವೈರುಗಳನ್ನು. ಪಿ0ಎಎ6 ಇದ್ದರೆ ಅದು ಹೈ ವೋಲ್ಟೇಜ್ ಭಾಗದ ಇನ್ಸುಲೇಶನ್ ಸೋರಿಕೆಯ ಸೂಚನೆ. ಅಲ್ಲಿಗೆ ಸೆನ್ಸರಿನ ಕೆಲಸವನ್ನು ನಿಲ್ಲಿಸಿ, ಕಾರಿನ ಯಾವ ಭಾಗಕ್ಕೂ ಬರಿಗೈ ಹಾಕದೆ, ಮೊದಲು ಆ ದೋಷವನ್ನು ಹುಡುಕಬೇಕು.

ಫ್ರೀಜ್ ಫ್ರೇಮಿನಲ್ಲಿ ನೋಡಬೇಕಾದದ್ದು ವೇಗ, ಮೋಟರಿನ ಉಷ್ಣತೆ ಮತ್ತು ಎಳೆತದ ಪ್ರಮಾಣ. ಶಿರಾಡಿ ಘಾಟಿಯ ಏರಿನಲ್ಲಿ ಮೋಟರ್ ಕಾದಿದ್ದಾಗ ಬಂದ ಕೋಡಿಗೂ, ಬೆಳಿಗ್ಗೆ ಮನೆಯಂಗಳದಿಂದ ಹೊರಡುವಾಗಲೇ ಬಂದ ಕೋಡಿಗೂ ಅರ್ಥ ಬೇರೆ. ಕಾದಾಗ ಮಾತ್ರ ಬಂದರೆ ಹಿಗ್ಗಿ ಬಿಡಿಸಿಕೊಳ್ಳುವ ತಂತಿಯನ್ನೋ ಸಡಿಲ ಪಿನ್ನನ್ನೋ ಶಂಕಿಸಬೇಕು. ರಾತ್ರಿಯ ತೇವದ ನಂತರ ಬಂದು ಓಡುತ್ತ ಓಡುತ್ತ ಮಾಯವಾದರೆ ನೀರನ್ನು ಶಂಕಿಸಬೇಕು.

ಹೈ ವೋಲ್ಟೇಜನ್ನು ಬೇರ್ಪಡಿಸುವುದು

ರಿಸಾಲ್ವರಿನ ವೈರುಗಳಲ್ಲಿ ಹರಿಯುವುದು ಕೆಲವೇ ವೋಲ್ಟುಗಳಾದರೂ ಅದರ ಕನೆಕ್ಟರ್ ಇರುವುದು ಕಿತ್ತಳೆ ಬಣ್ಣದ ಕೇಬಲುಗಳ ಪಕ್ಕದಲ್ಲಿ. ಡಿಸಿ 60 ವೋಲ್ಟ್ ದಾಟಿದ್ದೆಲ್ಲವೂ ವಾಹನಗಳ ಲೆಕ್ಕದಲ್ಲಿ ಹೈ ವೋಲ್ಟೇಜ್. ಬಹಳಷ್ಟು ವಿದ್ಯುತ್ ಕಾರುಗಳಲ್ಲಿ ಇರುವುದು 300ರಿಂದ 400 ವೋಲ್ಟ್. ಕಾರನ್ನು ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ದೂರ ಒಯ್ದಿಟ್ಟು, 12 ವೋಲ್ಟ್ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, 1000 ವೋಲ್ಟಿನ ರಬ್ಬರ್ ಕೈಗವಸು ಧರಿಸಿ, ಹೈ ವೋಲ್ಟೇಜ್ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ಗನ್ನು ಕಳಚಬೇಕು. ಕಳಚಿದ ಪ್ಲಗ್ ನಿಮ್ಮ ಜೇಬಿನಲ್ಲೇ ಇರಲಿ, ಬೆಂಚಿನ ಮೇಲೆ ಬೇಡ. ಸಹಾಯ ಮಾಡಲೆಂದು ಅದನ್ನು ಮರಳಿ ಹಾಕುವ ಹುಡುಗರು ಎಲ್ಲ ಗ್ಯಾರೇಜಿನಲ್ಲೂ ಇರುತ್ತಾರೆ. ಇನ್ವರ್ಟರಿನ ಕೆಪ್ಯಾಸಿಟರ್ ಖಾಲಿಯಾಗಲು ಆ ಕಾರಿನ ಕೈಪಿಡಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 5ರಿಂದ 10 ನಿಮಿಷ, ಕಾದು, ಆಮೇಲೆ ಇನ್ವರ್ಟರಿನ ತುದಿಗಳಲ್ಲಿ ಶೂನ್ಯ ವೋಲ್ಟ್ ಇದೆಯೆಂದು ಅಳೆದು ಖಚಿತಪಡಿಸಿಕೊಳ್ಳಬೇಕು. ಅಳೆಯುವ ಮೊದಲೊಮ್ಮೆ, ಅಳೆದ ನಂತರ ಇನ್ನೊಮ್ಮೆ, ಮೀಟರನ್ನು ಗೊತ್ತಿರುವ ಬ್ಯಾಟರಿಯ ಮೇಲೆ ಪರೀಕ್ಷಿಸಿ. ಕೆಟ್ಟ ಮೀಟರ್ ಕೂಡ ಶೂನ್ಯವನ್ನೇ ತೋರಿಸುತ್ತದೆ. ನಮ್ಮ ಸೆಕೆಗೆ ಕೈಗವಸಿನೊಳಗೆ ಬೆವರು ಇಳಿಯುವುದು ಖಂಡಿತ, ಹಾಗೆಂದು ಅದನ್ನು ಕಳಚಿಟ್ಟು ಕೆಲಸ ಮುಂದುವರಿಸಬಾರದು. ಬಳಸುವ ಮುನ್ನ ಪ್ರತಿ ಸಲವೂ ಕೈಗವಸಿನ ಬಾಯಿಯನ್ನು ಸುರುಳಿ ಸುತ್ತಿ ಗಾಳಿ ತುಂಬಿಸಿ, ತೂತಿಲ್ಲವೆಂದು ನೋಡಬೇಕು.

ಕನೆಕ್ಟರ್ ಮತ್ತು ವೈರು

ಇಲ್ಲಿ ನಿಧಾನವೇ ಸರಿಯಾದ ವೇಗ. ಮೋಟರಿನ ಬದಿಯ ಕನೆಕ್ಟರನ್ನು ಬಿಡಿಸುವ ಮೊದಲು ಅದರ ಸುತ್ತಲಿನ ಕೆಂಪು ಮಣ್ಣನ್ನು ಬ್ರಷ್ಷಿನಿಂದ ತೆಗೆದುಬಿಡಿ. ಪ್ರೆಶರ್ ವಾಷರ್ ಹಿಡಿದರೆ ನೀವು ಹುಡುಕುತ್ತಿರುವ ದೋಷವನ್ನು ನೀವೇ ಸೃಷ್ಟಿಸಿದಂತಾಗುತ್ತದೆ. ಬಿಡಿಸಿದ ಬಳಿಕ ದೀಪ ಮತ್ತು ಭೂತಗನ್ನಡಿ ಹಿಡಿದು ಪ್ರತಿ ಪಿನ್ನನ್ನೂ ನೋಡಿ: ಹಸಿರು ಅಥವಾ ಬಿಳಿ ಕಿಲುಬು, ಹಿಂದಕ್ಕೆ ಸರಿದ ಪಿನ್, ಅಗಲವಾದ ಬಾಯಿ, ಸುಕ್ಕುಗಟ್ಟಿದ ಸೀಲು, ಮತ್ತು ತಳದಲ್ಲಿ ನಿಂತ ನೀರಿನ ಹನಿ. ವೈರಿನ ಒಳಗೇ ಹರಿದು ಬಂದ ನೀರೂ ಇರಬಹುದು; ಎಲ್ಲೋ ಮೇಲೆ ಇಲಿ ಕಡಿದ ಜಾಗದಿಂದ ನೀರು ತಂತಿಯ ಎಳೆಗಳ ನಡುವೆ ಇಳಿದು, ಗಟ್ಟಿ ಸೀಲಿರುವ ಕನೆಕ್ಟರಿನೊಳಕ್ಕೆ ಹಿಂಬಾಗಿಲಿನಿಂದ ಸೇರಿಕೊಳ್ಳುತ್ತದೆ.

ಯಾವ ವೈರಿನಲ್ಲಿ ಕಿಲುಬು ಹಿಡಿದಿದೆ ಎಂಬುದೂ ಮುಖ್ಯ. ಸೈನ್ ಮತ್ತು ಕೊಸೈನ್ ವೈರುಗಳನ್ನು ಓದುವ ಬೋರ್ಡ್ ಅವುಗಳಿಂದ ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲವಾದ್ದರಿಂದ, ಅಲ್ಲಿ ಐದಾರು ಓಮ್ ಹೆಚ್ಚಾದರೂ ಅಂಥ ವ್ಯತ್ಯಾಸವಾಗದು. ಪ್ರಚೋದಕ ಸುರುಳಿಯ ವೈರಿನಲ್ಲಿ ಮಾತ್ರ ನಿಜವಾದ ಕರೆಂಟು ಹರಿಯುತ್ತದೆ. ಅಲ್ಲಿ ಸೇರಿಕೊಂಡ ರೋಧವು ಪ್ರಚೋದನೆಯನ್ನು ಕುಗ್ಗಿಸಿ, ಸೈನ್ ಮತ್ತು ಕೊಸೈನ್ ಎರಡನ್ನೂ ಒಟ್ಟಿಗೆ ಕುಗ್ಗಿಸುತ್ತದೆ. ಇನ್ನು ಎರಡು ಪಿನ್ನುಗಳ ನಡುವೆ ಉಪ್ಪುನೀರು ನಿಂತರೆ ಪ್ರಚೋದನೆಯ ಸಂಕೇತವೇ ಸೋರಿ ಪಕ್ಕದ ಸೈನ್ ವೈರಿಗೆ ಸೇರಿ, ಕೋನದ ಲೆಕ್ಕವನ್ನು ಕೆಡಿಸುತ್ತದೆ. ಮೇಲೆ ಹೇಳಿದ ಕಾರಿನಲ್ಲಿ ಕಿಲುಬು ಹಿಡಿದಿದ್ದದ್ದು ಪ್ರಚೋದಕದ ಪಿನ್ನಿಗೆ. ಹಾರ್ನೆಸ್ಸನ್ನು (ವೈರುಗಳ ಕಟ್ಟನ್ನು) ಬೆರಳಲ್ಲಿ ಸ್ವಲ್ಪ ಅಲುಗಿಸಿದರೆ ಮೀಟರಿನ ಓದು 9 ಓಮಿನಿಂದ ನೂರಾರಕ್ಕೆ ಹಾರುತ್ತಿತ್ತು.

ಮೀಟರಿನ ಕೆಲಸ

ಮೊದಲ ಅಳತೆಯನ್ನು ಇನ್ವರ್ಟರಿನ ಬದಿಯ ಕನೆಕ್ಟರಿನಿಂದ, ಮೋಟರಿನ ಕಡೆ ನೋಡುತ್ತ ಮಾಡಿ. ಹೀಗೆ ಮಾಡಿದರೆ ಇಡೀ ವೈರು ಮತ್ತು ಸುರುಳಿ ಒಟ್ಟಿಗೆ ಪರೀಕ್ಷೆಗೊಳಗಾಗುತ್ತವೆ. ಅಲ್ಲಿ ತಪ್ಪು ಕಂಡರೆ ಮೋಟರಿನ ಬದಿಯಲ್ಲಿ ನೇರವಾಗಿ ಸುರುಳಿಯನ್ನು ಅಳೆಯಿರಿ. ಮೋಟರಿನ ಬದಿಯಲ್ಲಿ ಸರಿಯಿದ್ದು ಇನ್ವರ್ಟರಿನ ಬದಿಯಲ್ಲಿ ತಪ್ಪಿದ್ದರೆ ದೋಷ ನಡುವಿನ ವೈರಿನದು. ಎರಡೂ ಕಡೆ ತಪ್ಪಿದ್ದರೆ ಮಾತ್ರ ಮೋಟರಿನ ಮೇಲೆ ಆರೋಪ ಹೊರಿಸಬಹುದು.

ಸುರುಳಿಗಳ ರೋಧ ಸಾಮಾನ್ಯವಾಗಿ ಕೆಲವು ಓಮಿನಿಂದ ಕೆಲವು ಹತ್ತು ಓಮಿನವರೆಗೆ ಇರುತ್ತದೆ. ನಿಖರವಾದ ಅಂಕಿಯನ್ನು ಆಯಾ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು, ಇನ್ನೊಂದು ಕಾರಿನ ನೆನಪಿನಿಂದಲ್ಲ. ಬಹುತೇಕ ವಿನ್ಯಾಸಗಳಲ್ಲಿ ಸೈನ್ ಮತ್ತು ಕೊಸೈನ್ ಸುರುಳಿಗಳ ಓದು ಸರಿಸುಮಾರು ಸಮನಾಗಿರುವುದರಿಂದ ಅವುಗಳನ್ನು ಪರಸ್ಪರ ಹೋಲಿಸುವುದು ಕೈಪಿಡಿಯಿಲ್ಲದಾಗಲೂ ದಾರಿ ತೋರಿಸುತ್ತದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ ಓದನ್ನು ಕಳೆಯಲು ಮರೆಯಬೇಡಿ. ಉಷ್ಣತೆಯ ಲೆಕ್ಕವೂ ಇದೆ: ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 12 ಓಮ್ ಇರುವ ಸುರುಳಿ, ಘಾಟಿ ಹತ್ತಿ ಬಂದ 80 ಡಿಗ್ರಿಯ ಮೋಟರಿನಲ್ಲಿ 14.8 ಓಮ್ ತೋರಿಸಿದರೆ ಅದು ದೋಷವಲ್ಲ.

ಬಳಿಕ ಪ್ರತಿ ಸುರುಳಿಗೂ ಇನ್ನೆರಡು ಸುರುಳಿಗಳಿಗೂ ನಡುವೆ, ಪ್ರತಿ ಸುರುಳಿಗೂ ಕಾರಿನ ಬಾಡಿಗೂ ನಡುವೆ, ಮತ್ತು ಪ್ರತಿ ವೈರಿಗೂ ಅವುಗಳನ್ನು ಸುತ್ತಿದ ಲೋಹದ ಹೊದಿಕೆಯಾದ ಶೀಲ್ಡಿಗೂ ನಡುವೆ ಅಳೆಯಬೇಕು. ಇವೆಲ್ಲ ಸಂಪರ್ಕವಿಲ್ಲದ ಓದನ್ನೇ ಕೊಡಬೇಕು. ಕೆಲವು ಕಿಲೋಓಮಿನ ಓದು ಬಂದು, ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿದಾಗ ಅದು ಮೆಲ್ಲನೆ ಏರತೊಡಗಿದರೆ ನೀರು ಸಿಕ್ಕಿಬಿದ್ದಂತೆ. ಇನ್ವರ್ಟರ್ ಜೋಡಿಸಿಕೊಂಡಿರುವಾಗ ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಚ್ಚುವ ತಪ್ಪನ್ನು ಯಾರೂ ಮಾಡಬಾರದು. ಸಾವಿರ ರೂಪಾಯಿಯ ದೋಷ ಲಕ್ಷಕ್ಕೆ ಏರುವುದು ಹೀಗೆಯೇ. ಅಳೆಯಲು ವೈರಿನ ಮೈಗೆ ಸೂಜಿ ಚುಚ್ಚುವ ಅಭ್ಯಾಸವೂ ನಮ್ಮ ಹವೆಗೆ ಹೇಳಿಸಿದ್ದಲ್ಲ. ಆ ತೂತು ಮುಂದಿನ ಮಳೆಗಾಲದ ಕಿಲುಬಿಗೆ ಬಾಗಿಲಾಗುತ್ತದೆ.

ಎಲ್ಲ ಅಳತೆಯೂ ಸರಿ ಬಂದರೆ ಹಾರ್ನೆಸ್ಸನ್ನು ಗೇಣು ಗೇಣಾಗಿ ಅಲುಗಿಸುತ್ತ ಅದೇ ಅಳತೆಗಳನ್ನು ಮತ್ತೊಮ್ಮೆ ಮಾಡಿ. ಇದು ಬೇಸರದ ಕೆಲಸ, ಆದರೆ ನಾನು ಕಂಡ ಬಿಟ್ಟುಬಿಟ್ಟು ಬರುವ ದೋಷಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಇಲ್ಲಿಯೇ.

ಸ್ಕೋಪ್ ಇದ್ದವರಿಗೆ

ಮೀಟರ್ ಅಳೆಯುವುದು ಡಿಸಿ ರೋಧವನ್ನು ಮಾತ್ರ. ಸುರುಳಿಯ ನಾಲ್ಕಾರು ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಅದು ಮೀಟರಿಗೆ ಗೊತ್ತಾಗದೆ ಹೋಗಬಹುದು. ಸರ್ವಿಸ್ ಪ್ಲಗ್ ಕಳಚಿದ ಸ್ಥಿತಿಯಲ್ಲೇ 12 ವೋಲ್ಟ್ ಮರಳಿ ಕೊಟ್ಟು ಇಗ್ನಿಷನ್ ಆನ್ ಮಾಡಿದರೆ ಅನೇಕ ಕಾರುಗಳಲ್ಲಿ ಇನ್ವರ್ಟರಿನ ಬೋರ್ಡ್ ಪ್ರಚೋದನೆಯ ಸಂಕೇತವನ್ನು ಕಳುಹಿಸುತ್ತದೆ. ಇಂಟರ್‌ಲಾಕ್ ಕೋಡ್ ದಾಖಲಾದರೆ ಗಾಬರಿ ಬೇಡ, ಅದು ಪ್ಲಗ್ ಕಳಚಿದ್ದರ ಫಲ. ಕನೆಕ್ಟರಿನ ಹಿಂಬದಿಯಿಂದ ಸ್ಕೋಪ್ (ಸಂಕೇತದ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪ್) ಹಚ್ಚಿ, ನ್ಯೂಟ್ರಲಿನಲ್ಲಿ, ಲಿಫ್ಟಿನ ಮೇಲಿರುವ ಕಾರಿನ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಸೈನ್ ಉಬ್ಬಿದಾಗ ಕೊಸೈನ್ ತಗ್ಗಬೇಕು, ಕೊಸೈನ್ ಉಬ್ಬಿದಾಗ ಸೈನ್ ತಗ್ಗಬೇಕು, ಎರಡರ ಗರಿಷ್ಠ ಎತ್ತರವೂ ಒಂದೇ ಇರಬೇಕು. ಒಂದೇ ಚಕ್ರವನ್ನು ತಿರುಗಿಸಿ ಇನ್ನೊಂದನ್ನು ಹಿಡಿದುಕೊಂಡರೆ ಡಿಫರೆನ್ಷಿಯಲಿನ ಕಾರಣದಿಂದ ಮೋಟರ್ ಅರ್ಧದಷ್ಟೇ ತಿರುಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ಚಕ್ರವನ್ನು ಜೋರಾಗಿ ತಿರುಗಿಸಬಾರದು, ಏಕೆಂದರೆ ತಿರುಗುವ ಮೋಟರ್ ತಾನೇ ಜನರೇಟರ್ ಆಗಿಬಿಡುತ್ತದೆ. ಮೋಟರ್ ಜೋಡಿಸಿರುವ ಚಕ್ರಗಳು ನೆಲದಲ್ಲಿರುವಂತೆ ಇಂಥ ಕಾರನ್ನು ಹಗ್ಗ ಕಟ್ಟಿ ಎಳೆದು ತರಬಾರದೆನ್ನುವುದಕ್ಕೂ ಅದೇ ಕಾರಣ.

ಪ್ರಚೋದನೆಯ ಸಂಕೇತವೇ ಇಲ್ಲದಿದ್ದರೆ ಮೋಟರಿನ ಬದಿಯ ಕನೆಕ್ಟರ್ ಬಿಡಿಸಿ ಮತ್ತೆ ನೋಡಿ. ಆಗ ಸಂಕೇತ ಮರಳಿದರೆ ಸುರುಳಿ ಅಥವಾ ಮೋಟರ್ ಬದಿಯ ಕನೆಕ್ಟರ್ ಶಾರ್ಟ್ ಆಗಿದೆ. ಮರಳದಿದ್ದರೆ ವೈರು ಅಥವಾ ಇನ್ವರ್ಟರಿನ ಬೋರ್ಡ್.

ಉಷ್ಣತೆಯ ಸೆನ್ಸರ್

ಪಿ0ಎ2ಎಯಿಂದ ಪಿ0ಎ2ಇವರೆಗಿನ ಕೋಡುಗಳು ಮೋಟರಿನ ಉಷ್ಣತಾ ಸೆನ್ಸರಿಗೆ ಸೇರಿದವು. ಇದು ಕಾದಂತೆ ರೋಧ ಇಳಿಯುವ ಥರ್ಮಿಸ್ಟರ್. ಅತಿ ಸುಲಭದ ಪರೀಕ್ಷೆಗೆ ಉಪಕರಣ ಕೂಡ ಹೆಚ್ಚು ಬೇಡ: ರಾತ್ರಿಯಿಡೀ ನಿಂತ ಕಾರಿನಲ್ಲಿ, ಮಳೆಗಾಲದ ಬೆಳಿಗ್ಗೆ ಮೋಟರ್, ಇನ್ವರ್ಟರ್, ಕೂಲಂಟ್ ಮತ್ತು ಹೊರಗಿನ ಗಾಳಿ ನಾಲ್ಕೂ 25 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಮಂಗಳೂರಿನಲ್ಲಿ ಮೋಟರಿನ ಓದು ಮಾತ್ರ ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೆ ಎಲ್ಲೋ ವೈರು ಬಿಟ್ಟುಹೋಗಿದೆ. ತೀರಾ ಬಿಸಿ ತೋರಿಸಿದರೆ ಶಾರ್ಟ್ ಆಗಿದೆ. ಈ ಥರ್ಮಿಸ್ಟರ್ ಅನೇಕ ಮೋಟರುಗಳಲ್ಲಿ ಸ್ಟೇಟರಿನ (ಮೋಟರಿನ ತಿರುಗದ ಭಾಗದ) ಸುರುಳಿಯೊಳಗೇ ಹುದುಗಿರುವುದರಿಂದ, ಅದೇ ಕೆಟ್ಟಿದೆ ಎನ್ನುವ ಮೊದಲು ಕನೆಕ್ಟರನ್ನು ಎರಡು ಬಾರಿಯಾದರೂ ನೋಡುವುದು ಲೇಸು.

ದುರಸ್ತಿ ಮತ್ತು ಹೊಂದಾಣಿಕೆ

ಹಗುರ ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೆಗೆದು, ಒಣಗಿಸಿ, ಹೊಸ ಸೀಲು ಹಾಕಬಹುದು. ಪಿನ್ನಿನ ಮೇಲ್ಮೈ ಸವೆದಿದ್ದರೆ ಪಿನ್ನನ್ನೇ ಬದಲಿಸಬೇಕು. ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಲೇಪನ ಹೋಗಿ ದೋಷ ಎರಡೇ ತಿಂಗಳಲ್ಲಿ ಮರಳುತ್ತದೆ. ವೈರು ತುಂಡಾಗಿದ್ದಲ್ಲಿ ಜೋಡಿಸುವಾಗ ಆಯಾ ಜೋಡಿಯ ಹೆಣಿಗೆಯನ್ನು ಮೊದಲಿನಂತೆಯೇ ಉಳಿಸಿ, ಶೀಲ್ಡನ್ನು ಕೂಡಿಸಿ, ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸಬೇಕು. ಹೆಣಿಗೆ ಬಿಚ್ಚಿದ ಜೋಡಿಯು ಪಕ್ಕದ ಫೇಸ್ ಕೇಬಲಿನ ಗದ್ದಲವನ್ನೆಲ್ಲ ಹೀರಿಕೊಳ್ಳುತ್ತದೆ. ಶೀಲ್ಡನ್ನು ಮೂಲದಲ್ಲಿ ಯಾವ ತುದಿಯಲ್ಲಿ ಅರ್ಥ್ ಮಾಡಿದ್ದರೋ ಅಲ್ಲಿ ಮಾತ್ರ ಅರ್ಥ್ ಮಾಡಬೇಕು.

ಮೋಟರನ್ನೋ ಇನ್ವರ್ಟರನ್ನೋ ನಿಜಕ್ಕೂ ಬದಲಿಸಿದ್ದರೆ ರಿಸಾಲ್ವರಿನ ಶೂನ್ಯ ಕೋನವನ್ನು ಸ್ಕ್ಯಾನರಿನ ಮೂಲಕ ಹೊಸದಾಗಿ ಕಲಿಸಬೇಕಾಗಬಹುದು. ಕೆಲವು ತಯಾರಕರು ಆ ಅಂಕಿಯನ್ನು ಮೋಟರಿನ ಮೇಲಿನ ಚೀಟಿಯಲ್ಲೇ ಅಚ್ಚು ಮಾಡಿರುತ್ತಾರೆ. ಈ ಹೆಜ್ಜೆಯನ್ನು ಬಿಟ್ಟರೆ ಹೊಸ ಮೋಟರ್ ಕೂಡ ಜಗ್ಗುತ್ತದೆ, ಕೂಗುತ್ತದೆ, ಹಳೆಯ ಕೋಡನ್ನೇ ಮರಳಿ ತರುತ್ತದೆ.

ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಸ್ಕ್ಯಾನರ್ ಜೋಡಿಸಿಕೊಂಡೇ ರಸ್ತೆಗಿಳಿಯಿರಿ. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆಯಂಥ ಏರಿನಲ್ಲಿ ಮೋಟರನ್ನು ಕಾಯಿಸಿ, ಇಳಿಯುವಾಗ ಬ್ರೇಕಿನಿಂದ ಚಾರ್ಜ್ ಆಗುವ ಹೊತ್ತಿನಲ್ಲಿ ಮೋಟರಿನ ವೇಗದ ಓದು ಜಿಗಿಯದೆ ಸಾಗುತ್ತಿದೆಯೇ ಎಂದು ನೋಡಿ. ಮರುದಿನ ಬೆಳಿಗ್ಗೆ, ಕಾರು ರಾತ್ರಿಯಿಡೀ ಮಳೆಯಲ್ಲಿ ನಿಂತ ನಂತರ, ಕೋಡುಗಳನ್ನು ಇನ್ನೊಮ್ಮೆ ಓದಿ. ಆಗಲೂ ಏನೂ ಬರದಿದ್ದರೆ ಕಾರನ್ನು ಮಾಲಕರಿಗೆ ಒಪ್ಪಿಸಬಹುದು.